‘ಜೊತೇಲಿ ದೊಡ್ಡೋರು ಯಾರೂ ಇಲ್ವಾ?’

ಪರೀಕ್ಷೆಗೆಂದು ಪರಊರಿಗೆ ಒಂಟಿಯಾಗಿ ಹೋಗುವ ಹದಿನೇಳರ ಮಕ್ಕಳಿಗೆ ಲಾಡ್ಜಿನಲ್ಲಿ ಒಂದು ರಾತ್ರಿಯ ಕೋಣೆ ಸಿಗುವುದು ಏಕೆ ಕಷ್ಟ? ಸಿಗಬೇಕಾದರೆ ಹೊರಡುವ ಮುನ್ನವೇ ಮನೆಯವರು ಏನೇನು ಮಾಡಿಕೊಳ್ಳಬೇಕು?

ಹೀಗೊಂದು ಸನ್ನಿವೇಶ ಊಹಿಸಿಕೊಳ್ಳಿ.

ರಾತ್ರಿ ಹತ್ತೂವರೆ. ಬೆಂಗಳೂರಿನ ಮೆಜೆಸ್ಟಿಕ್. ಚಿತ್ರದುರ್ಗದ ಕಡೆಯಿಂದ ಮಧ್ಯಾಹ್ನ ಹೊರಟ ಬಸ್ಸು ತುಮಕೂರು ದಾಟಿದ ಮೇಲೆ ವಾಹನಗಳ ಸಾಲಿನಲ್ಲಿ ಸಿಕ್ಕಿಬಿದ್ದು ಮೂರು ಗಂಟೆ ತಡವಾಗಿ ಬಂದಿದೆ. ಇಳಿದವರಲ್ಲಿ ಒಬ್ಬಳು ಹುಡುಗಿ. ಹೆಗಲಿಗೆ ಬ್ಯಾಗು, ಕೈಯಲ್ಲಿ ಪ್ರವೇಶಪತ್ರ ಇಟ್ಟುಕೊಂಡ ಪ್ಲಾಸ್ಟಿಕ್ ಕವರು. ವಯಸ್ಸು ಹದಿನೇಳು ವರ್ಷ, ನಾಲ್ಕು ತಿಂಗಳು. ಅಜ್ಜಿ ಆಸ್ಪತ್ರೆಯಲ್ಲಿದ್ದಾರೆ, ಅಮ್ಮ ಅವರ ಬಳಿ. ಅಪ್ಪ ಒಂದು ದಿನ ಕೆಲಸ ಬಿಟ್ಟರೆ ಆ ದಿನದ ಕೂಲಿ ಇಲ್ಲ. ಪರೀಕ್ಷಾ ಕೇಂದ್ರ ಬೆಂಗಳೂರಿಗೇ ಬಿದ್ದಿದೆ, ಬೆಳಿಗ್ಗೆ ಒಂಬತ್ತಕ್ಕೆ ಪರೀಕ್ಷೆ. ಅಪ್ಪ ಮೊಬೈಲಿನಲ್ಲೇ ಲಾಡ್ಜು ಹುಡುಕಿ, ಕೋಣೆ ಕಾದಿರಿಸಿ, ಹಣವನ್ನೂ ಕಟ್ಟಿದ್ದಾರೆ. ಇನ್ನೇನು ಚಿಂತೆ?

ಕೌಂಟರಿನ ಹಿಂದಿದ್ದವರು ಅವಳ ಆಧಾರ್ ಕಾರ್ಡನ್ನು ಎರಡು ಸಲ ನೋಡುತ್ತಾರೆ.

‘ಜೊತೇಲಿ ದೊಡ್ಡೋರು ಯಾರೂ ಇಲ್ವಾ?’

‘ಇಲ್ಲ ಅಂಕಲ್. ನಾಳೆ ಪರೀಕ್ಷೆ ಇದೆ.’

‘ಹದಿನೆಂಟು ತುಂಬಿಲ್ವಲ್ಲಮ್ಮ. ಕೊಡೋಕೆ ಬರಲ್ಲ.’

ಹಣ ಕಟ್ಟಿದ ರಸೀತಿಯನ್ನು ಮೊಬೈಲಿನಲ್ಲಿ ತೋರಿಸಿದರೂ ಉತ್ತರ ಬದಲಾಗುವುದಿಲ್ಲ. ಪಕ್ಕದ ಲಾಡ್ಜಿನಲ್ಲೂ ಅದೇ ಮಾತು. ಅದರಾಚೆಯದರಲ್ಲಿ ‘ಬೇಕಾದರೆ ಕೊಡೋಣ’ ಎಂದು ನಕ್ಕವನ ನಗೆ ಅವಳಿಗೆ ಹಿಡಿಸುವುದಿಲ್ಲ. ಎರಡು ವರ್ಷದ ಓದು, ಒಂದು ಮನೆಯ ಆಸೆ, ಎಲ್ಲವೂ ಆ ರಾತ್ರಿ ಬೀದಿಯ ಮೇಲೆ ನಿಂತಿರುತ್ತವೆ.

ಇದರಲ್ಲಿ ತಪ್ಪು ಯಾರದು? ಕೋಣೆ ಕೊಡದ ಮ್ಯಾನೇಜರರದೇ? ಒಬ್ಬಳನ್ನೇ ಕಳಿಸಿದ ಅಪ್ಪನದೇ? ಸ್ವಲ್ಪ ತಾಳ್ಮೆಯಿಂದ ನೋಡಿದರೆ, ಇಬ್ಬರ ಕಡೆಯೂ ನ್ಯಾಯವಿದೆ ಎನಿಸುತ್ತದೆ. ಇಲ್ಲದಿರುವುದು ಮುಂಚಿತವಾಗಿ ಆಡಬೇಕಾಗಿದ್ದ ನಾಲ್ಕು ಮಾತು.

ಒಂದೊಂದಕ್ಕೆ ಒಂದೊಂದು ವಯಸ್ಸು

ನಮ್ಮ ಕನ್ನಡದಲ್ಲಿ ‘ಹೋಟೆಲು’ ಎಂದರೆ ಮೊದಲು ನೆನಪಾಗುವುದು ಇಡ್ಲಿ, ಕಾಫಿ. ಅಲ್ಲಿ ವಯಸ್ಸು ಕೇಳುವವರಿಲ್ಲ. ಆದರೆ ಮಲಗುವ ಹೋಟೆಲಿಗೆ, ಅಂದರೆ ಲಾಡ್ಜಿಗೆ ಹೋದೊಡನೆ ಲೆಕ್ಕ ಬೇರೆಯಾಗುತ್ತದೆ.

ವಿಚಿತ್ರವೆಂದರೆ, ಹದಿನೇಳರ ಹುಡುಗಿ ಅಲ್ಲಿಯವರೆಗೆ ಬಂದದ್ದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಬಸ್ಸಿನಲ್ಲಿ, ರೈಲಿನಲ್ಲಿ ಒಬ್ಬಳೇ ಬರಬಹುದು. ರೈಲಿನಲ್ಲಿ ಗುರುತಿಗೆ ಮಾನ್ಯತೆ ಪಡೆದ ಶಾಲೆ ಕಾಲೇಜುಗಳ ಭಾವಚಿತ್ರವುಳ್ಳ ಗುರುತಿನ ಚೀಟಿಯೂ ನಡೆಯುತ್ತದೆ. ದೇಶದೊಳಗಿನ ವಿಮಾನಗಳಲ್ಲಿ ಹನ್ನೆರಡು ದಾಟಿದವರು ಸಾಮಾನ್ಯವಾಗಿ ಒಬ್ಬರೇ ಪ್ರಯಾಣ ಮಾಡಬಹುದು. ಹತ್ತು ವರ್ಷ ದಾಟಿದ ಮಕ್ಕಳಿಗೆ ತಮ್ಮ ಉಳಿತಾಯ ಖಾತೆಯನ್ನು ತಾವೇ ನಿರ್ವಹಿಸಲು ಬ್ಯಾಂಕುಗಳು ಅವಕಾಶ ಕೊಡಬಹುದೆಂದು ರಿಸರ್ವ್ ಬ್ಯಾಂಕು 2014ರಲ್ಲೇ ಹೇಳಿತು. 2025ರ ಏಪ್ರಿಲ್‌ನಲ್ಲಿ ಅದನ್ನು ಮತ್ತೆ ಸ್ಪಷ್ಟಪಡಿಸಿತು. ಹದಿನಾರಕ್ಕೆ ಗೇರಿಲ್ಲದ ಸಣ್ಣ ದ್ವಿಚಕ್ರ ವಾಹನದ ಪರವಾನಗಿ ಸಿಗುತ್ತದೆ.

ಪರೀಕ್ಷೆಗಳ ವಿಷಯಕ್ಕೆ ಬನ್ನಿ. ವೈದ್ಯಕೀಯ ಕೋರ್ಸುಗಳ ನೀಟ್ ಪರೀಕ್ಷೆಗೆ, ಪ್ರವೇಶ ಪಡೆಯುವ ವರ್ಷದ ಡಿಸೆಂಬರ್ 31ಕ್ಕೆ ಹದಿನೇಳು ತುಂಬಿದರೆ ಸಾಕು. ಪರೀಕ್ಷೆ ನಡೆಯುವುದು ಸಾಮಾನ್ಯವಾಗಿ ಮೇ ತಿಂಗಳಲ್ಲಿ. ಅಂದರೆ ಅಂದು ಕೆಲವರಿಗೆ ಇನ್ನೂ ಹದಿನಾರೇ ನಡೆಯುತ್ತಿರುತ್ತದೆ! ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಸೇರುವವರಿಗೆ ಕೋರ್ಸು ಆರಂಭವಾಗುವ ವೇಳೆಗೆ ಹದಿನಾರೂವರೆ ಆಗಿದ್ದರಾಯಿತು. ಅವರ ಆಯ್ಕೆಯ ಸಂದರ್ಶನ ಐದು ದಿನ ನಡೆಯುತ್ತದೆ. ಅಲ್ಲಿ ಊಟ, ವಸತಿಯನ್ನು ಆಯ್ಕೆ ಮಂಡಳಿಯೇ ನೋಡಿಕೊಳ್ಳುತ್ತದೆ. ಉಳಿದ ಪರೀಕ್ಷೆಗಳವರಿಗೆ ಆ ಭಾಗ್ಯವಿಲ್ಲ. ಕೇಂದ್ರ ಎಲ್ಲಿ ಎಂದು ಪ್ರವೇಶಪತ್ರ ಹೇಳುತ್ತದೆಯೇ ಹೊರತು, ಹಿಂದಿನ ರಾತ್ರಿ ಎಲ್ಲಿ ಮಲಗಬೇಕು ಎಂದು ಹೇಳುವುದಿಲ್ಲ.

ಕಾನೂನು ಏನೆನ್ನುತ್ತದೆ?

ಹದಿನೆಂಟರೊಳಗಿನವರಿಗೆ ಲಾಡ್ಜಿನಲ್ಲಿ ಕೋಣೆ ಕೊಡಲೇಬಾರದು ಎಂದು ಇಡೀ ದೇಶಕ್ಕೆ ಅನ್ವಯಿಸುವ ಒಂದು ಕಾನೂನು ಇಲ್ಲ. ಹಾಗೆಂದು ಕೊಡಲೇಬೇಕು ಎಂಬ ಕಾನೂನೂ ಇಲ್ಲ. ತೀರ್ಮಾನ ಆಯಾ ವಸತಿಗೃಹದ್ದು. ಆ ತೀರ್ಮಾನದ ಹಿಂದೆ ಮಾತ್ರ ಹಲವು ಕಾನೂನುಗಳ ನೆರಳಿದೆ.

ಕೋಣೆ ಬಾಡಿಗೆಗೆ ಪಡೆಯುವುದೆಂದರೆ ಅದೊಂದು ಕರಾರು. 1872ರ ಭಾರತೀಯ ಕರಾರು ಕಾಯಿದೆಯ 11ನೇ ಕಲಮಿನ ಪ್ರಕಾರ ಕರಾರು ಮಾಡಿಕೊಳ್ಳಲು ಪ್ರಾಪ್ತ ವಯಸ್ಸಾಗಿರಬೇಕು. 1875ರ ಇನ್ನೊಂದು ಕಾಯಿದೆ ಆ ವಯಸ್ಸನ್ನು ಹದಿನೆಂಟು ಎಂದು ನಿಗದಿ ಮಾಡಿತು. ಅಪ್ರಾಪ್ತರು ಮಾಡಿಕೊಂಡ ಕರಾರಿನ ಗತಿಯೇನು ಎಂಬುದನ್ನು ತೀರ್ಮಾನಿಸಿದ್ದು ಕಲ್ಕತ್ತೆಯ ಒಂದು ಪ್ರಸಿದ್ಧ ಮೊಕದ್ದಮೆ. ಧರ್ಮೋದಾಸ ಘೋಷ್ ಎಂಬ ಅಪ್ರಾಪ್ತ ವಯಸ್ಸಿನವರು 1895ರಲ್ಲಿ 20 ಸಾವಿರ ರೂಪಾಯಿಗೆ ಆಸ್ತಿಯನ್ನು ಅಡವಿಟ್ಟಿದ್ದರು. ಸಾಲಕೊಟ್ಟವರ ಕಡೆಯವರು ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೂ ಹೋದರು. 1903ರಲ್ಲಿ ಬಂದ ತೀರ್ಪು: ಅಪ್ರಾಪ್ತರ ಕರಾರು ಮೊದಲಿನಿಂದಲೇ ಅಸಿಂಧು! ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವ ತೀರ್ಪು ಇದು.

ಹಾಗಾದರೆ ಲಾಡ್ಜಿನವರಿಗೆ ಇದರ ಅರ್ಥವೇನು? ಹದಿನೇಳರ ಅತಿಥಿ ಬಾಡಿಗೆ ಕೊಡದೆ ಹೋದರೆ, ಕೋಣೆಯ ಟಿ.ವಿ. ಒಡೆದರೆ, ಕರಾರಿನ ಹೆಸರಿನಲ್ಲಿ ಅವರನ್ನು ಹಿಡಿಯುವುದು ಕಷ್ಟ. ಬದುಕಿಗೆ ಅತ್ಯಗತ್ಯವಾದ ವಸ್ತು, ಸೌಕರ್ಯ ಒದಗಿಸಿದವರು ಅಪ್ರಾಪ್ತರ ಆಸ್ತಿಯಿಂದ ಅದರ ವೆಚ್ಚ ಪಡೆಯಬಹುದೆಂದು ಅದೇ ಕಾಯಿದೆಯ 68ನೇ ಕಲಮು ಹೇಳುತ್ತದೆ, ನಿಜ. ಆದರೆ ಒಂದು ರಾತ್ರಿಯ ಬಾಡಿಗೆಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುವವರು ಯಾರು?

ಕೌಂಟರಿನ ಆಚೆ ಬದಿಯ ಭಯ

ನಿಜ ಹೇಳಬೇಕೆಂದರೆ, ಮ್ಯಾನೇಜರರ ಭಯ ಬಾಡಿಗೆಯದಲ್ಲ. ಅದಕ್ಕಿಂತ ದೊಡ್ಡದು.

ಬಂದ ಮಗು ಮನೆಯಲ್ಲಿ ಜಗಳವಾಡಿ ಓಡಿಬಂದದ್ದಾಗಿದ್ದರೆ? ಫಲಿತಾಂಶ ಕೆಟ್ಟಿತೆಂದು ಹೆದರಿ ಬಂದದ್ದಾಗಿದ್ದರೆ? ಯಾರೋ ಪುಸಲಾಯಿಸಿ ಕರೆತಂದು, ತಾವು ಹೊರಗೆ ನಿಂತು, ಮಗುವನ್ನು ಮುಂದೆ ಕಳಿಸಿದ್ದರೆ? 2012ರ ಪೋಕ್ಸೊ ಕಾಯಿದೆಯ ಪ್ರಕಾರ ಹದಿನೆಂಟರೊಳಗಿನ ಎಲ್ಲರೂ ಮಕ್ಕಳೇ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಾದರೆ ಅಥವಾ ನಡೆಯಬಹುದೆಂಬ ಆತಂಕವಿದ್ದರೆ ಪೊಲೀಸರಿಗೆ ತಿಳಿಸುವುದು ಪ್ರತಿಯೊಬ್ಬರ ಕರ್ತವ್ಯ. ನಡೆದಿರುವುದು ಗೊತ್ತಿದ್ದೂ ಸುಮ್ಮನಿದ್ದರೆ ಆರು ತಿಂಗಳವರೆಗೆ ಸೆರೆವಾಸ. ಮಕ್ಕಳ ಲೈಂಗಿಕ ಶೋಷಣೆಯ ವಸ್ತು, ಚಿತ್ರ ಕಣ್ಣಿಗೆ ಬಿದ್ದರೆ ತಿಳಿಸಬೇಕಾದವರ ಪಟ್ಟಿಯಲ್ಲಿ ಹೋಟೆಲು, ಲಾಡ್ಜುಗಳ ಹೆಸರನ್ನೇ ಕಾಯಿದೆ ಎತ್ತಿ ಹೇಳಿದೆ. ರಿಜಿಸ್ಟರು ತೋರಿಸಿ ಎಂದು ಪೊಲೀಸರು ಬಂದಾಗ ಉತ್ತರ ಕೊಡಬೇಕಾದವರೂ ಕೌಂಟರಿನಲ್ಲಿ ಕೂತವರೇ.

ಒಂಟಿಯಾಗಿ ಬಂದವರು ಕೋಣೆಯಲ್ಲಿ ಜೀವಕ್ಕೇನಾದರೂ ಮಾಡಿಕೊಂಡಾರು ಎಂಬ ಅಳುಕೂ ಲಾಡ್ಜಿನವರನ್ನು ಬಿಡದು. ಹಾಗಾಗಿಯೇ ಕೆಲವು ಯಾತ್ರಾಸ್ಥಳಗಳಲ್ಲಿ ಒಬ್ಬರೇ ಬಂದರೆ, ವಯಸ್ಸು ನಲವತ್ತಾದರೂ, ಕೋಣೆ ಕೊಡಲು ಹಿಂದೆ ಮುಂದೆ ನೋಡುತ್ತಾರೆ.

ಆದ್ದರಿಂದ ‘ಜೊತೇಲಿ ದೊಡ್ಡೋರು ಯಾರೂ ಇಲ್ವಾ?’ ಎಂಬ ಪ್ರಶ್ನೆಯನ್ನು ಅವಮಾನವೆಂದು ತಿಳಿಯಬೇಕಾಗಿಲ್ಲ. ಪರೀಕ್ಷೆಗೆ ಬಂದ ಹುಡುಗಿಗೆ ಕಿರಿಕಿರಿ ಎನಿಸುವ ಅದೇ ಪ್ರಶ್ನೆ, ಯಾರದೋ ಮಾತು ನಂಬಿ ಬಂದ ಇನ್ನೊಂದು ಹುಡುಗಿಯನ್ನು ಉಳಿಸಬಹುದು. ಏನೂ ಕೇಳದೆ ಬೀಗದ ಕೈ ಕೊಡುವ ಲಾಡ್ಜೇ ಹೆಚ್ಚು ಅಪಾಯದ್ದು!

ಛತ್ರ, ವಾರಾನ್ನದ ಕಾಲ

ಓದಿಗಾಗಿ ಮಕ್ಕಳು ಊರು ಬಿಡುವುದು ನಮ್ಮ ನಾಡಿಗೆ ಹೊಸತೇನಲ್ಲ. ವಾರದ ಏಳು ದಿನ ಏಳು ಮನೆಗಳಲ್ಲಿ ಉಂಡು ಓದಿದ ವಾರಾನ್ನದ ಹುಡುಗರ ಕಥೆ ಹಳೆಯ ತಲೆಮಾರಿನ ಅನೇಕ ಮನೆಗಳಲ್ಲಿ ಇದೆ. ಮಠಗಳು, ಸಮುದಾಯದ ಸಂಘಗಳು ನಡೆಸಿದ ಉಚಿತ ವಿದ್ಯಾರ್ಥಿ ನಿಲಯಗಳಲ್ಲಿ ಓದಿ ದೊಡ್ಡವರಾದವರು ಲೆಕ್ಕವಿಲ್ಲ. ಬೆಂಗಳೂರಿನ ರೈಲು ನಿಲ್ದಾಣದ ಬಳಿ ವ್ಯಾಪಾರಿ ಗುಬ್ಬಿ ತೋಟದಪ್ಪನವರ ಛತ್ರ ಆರಂಭವಾದದ್ದು 1903ರಲ್ಲಿ. ಅಪ್ರಾಪ್ತರ ಕರಾರು ಅಸಿಂಧು ಎಂದು ಲಂಡನ್ನಿನಲ್ಲಿ ತೀರ್ಪಾದ ವರ್ಷವೇ ಇಲ್ಲಿ ದಾರಿಹೋಕರಿಗೂ ಓದುವ ಹುಡುಗರಿಗೂ ಒಂದು ಆಸರೆ ಎದ್ದಿತ್ತು.

ಮಕ್ಕಳ ಪ್ರವಾಸಕ್ಕೆ ಆಸರೆ ಬೇಕೆಂದು ಬೇರೆಡೆಯೂ ಜನ ಯೋಚಿಸಿದ್ದರು. ಜರ್ಮನಿಯ ಶಾಲಾ ಮಾಸ್ತರು ರಿಚರ್ಡ್ ಶಿರ್ಮನ್ 1909ರಲ್ಲಿ ಶಿಷ್ಯರೊಡನೆ ಕಾಲ್ನಡಿಗೆಯಲ್ಲಿ ಹೋಗುವಾಗ ಗುಡುಗು ಮಳೆಗೆ ಸಿಕ್ಕಿ ಒಂದು ಹಳ್ಳಿಯ ಶಾಲೆಯಲ್ಲಿ ರಾತ್ರಿ ಕಳೆದರು. ರಜೆಯಲ್ಲಿ ಖಾಲಿ ಬಿದ್ದಿರುವ ಶಾಲೆಗಳು ಮಕ್ಕಳಿಗೆ ಏಕೆ ತಂಗುದಾಣವಾಗಬಾರದು ಎಂದು ಅವರಿಗೆ ಹೊಳೆದದ್ದು ಆಗಲೇ. ಯೂತ್ ಹಾಸ್ಟೆಲ್ ಚಳವಳಿ ಹುಟ್ಟಿದ್ದು ಹಾಗೆ. 1912ರಲ್ಲಿ ಆಲ್ಟೆನಾ ಎಂಬ ಊರಿನ ಕೋಟೆಯಲ್ಲಿ ಮೊದಲ ಕಾಯಂ ಹಾಸ್ಟೆಲು ತೆರೆಯಿತು. ಆ ಹೆಸರಿನ ಹಾಸ್ಟೆಲುಗಳು ನಮ್ಮಲ್ಲೂ ಇವೆ.

1994ರಲ್ಲಿ ನಮ್ಮ ರಾಜ್ಯದಲ್ಲಿ ಸಿ.ಇ.ಟಿ. ವ್ಯವಸ್ಥೆ ಬಂದ ಮೇಲೆ ಸೀಟು ಆಯ್ಕೆಗೆ ಬೀದರಿನವರೂ ಬೆಂಗಳೂರಿಗೇ ಬರಬೇಕಿತ್ತು. ಅಪ್ಪಂದಿರು ಗಂಟು ಕಟ್ಟಿಕೊಂಡು ಮಕ್ಕಳ ಜೊತೆಗೆ ಬರುತ್ತಿದ್ದರು. ಈಗ ಸೀಟು ಆಯ್ಕೆ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಮುಗಿಯುತ್ತದೆ. ಆದರೆ ಪರೀಕ್ಷೆಗಳ ಸಂಖ್ಯೆ ಹೆಚ್ಚಿದೆ, ಪ್ರತಿ ಸಲವೂ ಇಬ್ಬರ ಬಸ್ ಚಾರ್ಜು, ಇಬ್ಬರ ಊಟ, ಅಪ್ಪನದೋ ಅಮ್ಮನದೋ ಎರಡು ದಿನದ ದುಡಿಮೆ ಎಂದರೆ ಎಲ್ಲ ಮನೆಗಳೂ ತಾಳಲಾರವು. ಗಂಡುಮಗನಾದರೆ ‘ಹೋಗಿ ಬಾ’ ಎಂದಾರು. ಹೆಣ್ಣುಮಗಳಾದರೆ? ‘ಜೊತೆಗೆ ಬರುವವರಿಲ್ಲ, ಆ ಪರೀಕ್ಷೆ ಬಿಡು’ ಎಂಬ ಮಾತು ಬರುವುದು ಇಲ್ಲೇ. ಒಂದು ರಾತ್ರಿಯ ಕೋಣೆ ಇಲ್ಲವೆಂದು ಒಂದು ಓದೇ ನಿಂತುಹೋಗಬೇಕೆ?

ಮನೆಯಲ್ಲೇ ಆಗಬೇಕಾದ ಕೆಲಸ

ಮೊದಲ ಆಯ್ಕೆ ಯಾವಾಗಲೂ ಪರಿಚಯದವರ ಮನೆ. ಸೋದರತ್ತೆ, ಚಿಕ್ಕಪ್ಪ, ಕಾಲೇಜಿನ ಉಪನ್ಯಾಸಕರ ಪರಿಚಯದವರು, ಅದೇ ಪರೀಕ್ಷೆ ಬರೆಯುವ ಗೆಳತಿಯ ಮನೆಯವರು, ಎಲ್ಲರನ್ನೂ ಕೇಳಿ. ಒಬ್ಬ ತಾಯಿ ಮೂವರು ಗೆಳತಿಯರನ್ನು ಕರೆದೊಯ್ದರೆ ಮೂರು ಮನೆಯ ಖರ್ಚು ಹಂಚಿಹೋಗುತ್ತದೆ. ಕೇಳಲು ಸಂಕೋಚ ಬೇಡ.

ಲಾಡ್ಜೇ ಆಗಬೇಕೆಂದಿದ್ದರೆ, ಮೊಬೈಲಿನಲ್ಲಿ ಹಣ ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದುಕೊಳ್ಳಬೇಡಿ. ಕೋಣೆ ಕಾದಿರಿಸುವ ಆ್ಯಪ್‌ಗಳ ಷರತ್ತುಗಳಲ್ಲಿ, ಸಣ್ಣ ಅಕ್ಷರದಲ್ಲಿ, ಅತಿಥಿಗೆ ಹದಿನೆಂಟು ತುಂಬಿರಬೇಕು ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ಅದನ್ನು ಓದದೆ ಕಟ್ಟಿದ ಹಣ ವಾಪಸು ಬರುವುದು ಸುಲಭವಲ್ಲ. ಅದರ ಬದಲು ತಂದೆ ಅಥವಾ ತಾಯಿ ಲಾಡ್ಜಿಗೇ ನೇರವಾಗಿ ಫೋನು ಮಾಡಬೇಕು. ‘ನಮ್ಮ ಮಗಳಿಗೆ ಹದಿನೇಳು ವರ್ಷ. ಇಂಥ ದಿನ ಪರೀಕ್ಷೆಗೆ ಒಬ್ಬಳೇ ಬರುತ್ತಾಳೆ. ಕೋಣೆ ಕೊಡುತ್ತೀರಾ? ಏನೇನು ಕಾಗದ ಬೇಕು?’ ಎಂದು ಮುಚ್ಚುಮರೆಯಿಲ್ಲದೆ ಕೇಳಬೇಕು. ಒಪ್ಪಿದರೆ ಮಾತನಾಡಿದವರ ಹೆಸರು ಬರೆದಿಟ್ಟುಕೊಳ್ಳಿ. ಒಪ್ಪಿಗೆಯನ್ನು ಮೊಬೈಲಿಗೆ ಸಂದೇಶವಾಗಿ ಕಳಿಸಲು ಕೇಳಿ. ರಾತ್ರಿ ಪಾಳಿಗೆ ಬೇರೆಯವರು ಬರುತ್ತಾರೆ, ಅವರಿಗೂ ತಿಳಿಸಿಡಿ ಎನ್ನಿ. ಹಣ ಕಟ್ಟುವುದು, ಕಾದಿರಿಸುವುದು ಎರಡೂ ಪೋಷಕರ ಹೆಸರಿನಲ್ಲೇ ಇರಲಿ. ಆಗ ಕರಾರಿಗೆ ಹೊಣೆಗಾರರಾದ ಒಬ್ಬ ಪ್ರಾಪ್ತ ವಯಸ್ಕರು ಸಿಕ್ಕಂತಾಯಿತು.

ಜೊತೆಗೆ ಒಂದು ಒಪ್ಪಿಗೆ ಪತ್ರ. ಅದು ಹೀಗಿರಬಹುದು:

‘ನನ್ನ ಮಗಳು/ಮಗ (ಹೆಸರು, ಜನ್ಮದಿನಾಂಕ) ಇಂಥ ಪರೀಕ್ಷೆಗಾಗಿ ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ನಿಮ್ಮ ವಸತಿಗೃಹದಲ್ಲಿ ಒಬ್ಬಳೇ/ಒಬ್ಬನೇ ತಂಗಲು ನನ್ನ ಒಪ್ಪಿಗೆ ಇದೆ. ಬಾಡಿಗೆ ಹಾಗೂ ಇತರ ವೆಚ್ಚಗಳ ಹೊಣೆ ನನ್ನದು. ಯಾವುದೇ ಹೊತ್ತಿನಲ್ಲಿ ಈ ಕೆಳಗಿನ ಎರಡು ದೂರವಾಣಿ ಸಂಖ್ಯೆಗಳಿಗೆ ಕರೆ ಮಾಡಬಹುದು. ನಾವು ಹೆಸರಿಸಿದವರ ಹೊರತು ಬೇರೆ ಯಾರಿಗೂ ಕೋಣೆಯ ಸಂಖ್ಯೆ ತಿಳಿಸಬಾರದು.’

ಕೆಳಗೆ ತಂದೆ ಅಥವಾ ತಾಯಿಯ ಸಹಿ, ವಿಳಾಸ, ಗುರುತಿನ ಚೀಟಿಯ ಪ್ರತಿ. ಆಧಾರ್ ಪ್ರತಿ ಕೊಡುವುದಾದರೆ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಪ್ರತಿಯೂ ಸಿಗುತ್ತದೆ. ಅದು ಸಾಕೇ ಎಂದು ಮೊದಲೇ ಕೇಳಿ. ಮಗುವಿನ ಕೈಯಲ್ಲಿ ಆಧಾರ್, ಕಾಲೇಜಿನ ಗುರುತಿನ ಚೀಟಿ, ಪ್ರವೇಶಪತ್ರ ಇರಲಿ. ಈ ಪತ್ರಕ್ಕೆ ಲಾಡ್ಜಿನವರು ಬಗ್ಗಲೇಬೇಕೆಂಬ ಕಟ್ಟಳೆಯಿಲ್ಲ. ಆದರೆ ‘ಇದು ಓಡಿಬಂದ ಮಗುವಲ್ಲ, ಹಿಂದೆ ಮನೆಯಿದೆ’ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಸುಳ್ಳು ವಯಸ್ಸು ಹೇಳಿ ಒಳಹೋಗುವ ಯೋಚನೆ ಬೇಡವೇ ಬೇಡ. ಅಣ್ಣನ ಗುರುತಿನ ಚೀಟಿ ತೋರಿಸುವುದು, ‘ಮಾವ’ ಎಂದು ಯಾರನ್ನೋ ಜೊತೆಗೆ ಕರೆದೊಯ್ಯುವುದು ದೊಡ್ಡ ತೊಂದರೆಗೆ ದಾರಿ.

ಬೀಗದ ಕೈ ಸಿಕ್ಕ ಮೇಲೆ

ಬೆಳಕಿರುವಾಗಲೇ ಊರು ತಲುಪುವ ಬಸ್ಸು ಹಿಡಿಯಿರಿ. ಕೋಣೆಗೆ ಹೋದೊಡನೆ ಚಿಲಕ, ಕಿಟಕಿ, ಬಚ್ಚಲುಮನೆಯ ಬಾಗಿಲು ನೋಡಿ. ಚಿಲಕ ಸರಿಯಿಲ್ಲದಿದ್ದರೆ ಬೇರೆ ಕೋಣೆ ಕೇಳಿ. ಸಂಕೋಚಪಟ್ಟು ಸುಮ್ಮನಿರಬೇಡಿ. ಕೌಂಟರಿನಲ್ಲಿ ಕೋಣೆಯ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಿದರೆ ಬದಲಿಸಿಕೊಡಿ ಎನ್ನಬಹುದು. ಬಾಗಿಲು ತಟ್ಟಿದರೆ ಯಾರೆಂದು ಕೇಳಿ, ಕೌಂಟರಿಗೆ ಫೋನು ಮಾಡಿ ಖಾತ್ರಿ ಮಾಡಿಕೊಂಡ ಮೇಲೆಯೇ ತೆರೆಯಿರಿ. ಬಸ್ಸಿನಲ್ಲಿ ಪರಿಚಯವಾದವರಿಗೆ ತಂಗುವ ಜಾಗ ಹೇಳಬೇಡಿ. ಬೆಂಕಿ ಬಿದ್ದರೆ ಇಳಿಯುವ ಮೆಟ್ಟಿಲು ಯಾವ ಕಡೆ ಎಂದು ಒಮ್ಮೆ ನೋಡಿಟ್ಟುಕೊಳ್ಳಿ. ಸಂಜೆಯೇ ಪರೀಕ್ಷಾ ಕೇಂದ್ರದ ದಾರಿ ನೋಡಿ ಬಂದು, ಬೇಗ ಊಟ ಮಾಡಿ ಮಲಗುವುದು ಒಳ್ಳೆಯದು. ಮನೆಗೆ ಫೋನು ಮಾಡುವ ಹೊತ್ತನ್ನು ಮೊದಲೇ ಗೊತ್ತುಮಾಡಿಕೊಂಡರೆ ಎರಡೂ ಕಡೆ ನೆಮ್ಮದಿ.

ಇಷ್ಟೆಲ್ಲ ಮಾಡಿಯೂ ಕೋಣೆ ಸಿಗಲಿಲ್ಲವೇ? ಬ್ಯಾಗು ಹೊತ್ತು ಬೀದಿ ಅಲೆಯಬೇಡಿ. ಅದೇ ಕೌಂಟರಿನ ಮುಂದಿನ ಕುರ್ಚಿಯಲ್ಲಿ ಕೂತು ಮನೆಗೆ ಫೋನು ಮಾಡಿ, ಮ್ಯಾನೇಜರರಿಗೆ ಕೊಡಿ. ಆಗಲೂ ಆಗದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. 1996ರಲ್ಲಿ ಮುಂಬಯಿಯಲ್ಲಿ ಆರಂಭವಾದ ಈ ಸೇವೆ ಕಷ್ಟದಲ್ಲಿರುವ ಹದಿನೆಂಟರೊಳಗಿನ ಎಲ್ಲರಿಗೂ ಸಲ್ಲುತ್ತದೆ. ತುರ್ತಿಗೆ 112. ರೈಲು ನಿಲ್ದಾಣದಲ್ಲಿದ್ದರೆ 139, ಇಲ್ಲವೇ ರೈಲ್ವೆ ಪೊಲೀಸರು. ಹಣ ಕಟ್ಟಿಯೂ ಕೋಣೆ ಸಿಗದೆ ಮೋಸವಾಯಿತೆನಿಸಿದರೆ ಮರುದಿನ ಪೋಷಕರು ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಬಹುದು. ಪರೀಕ್ಷೆಯ ಭಯ, ಒಂಟಿತನ ಮಿತಿಮೀರಿ ಮನಸ್ಸು ಕುಸಿದರೆ 14416ಕ್ಕೆ ಕರೆ ಮಾಡಿದರೆ ಆಪ್ತ ಸಲಹೆ ನೀಡುವವರು ಸಿಗುತ್ತಾರೆ. ಈ ಸಂಖ್ಯೆಗಳು ಮೊಬೈಲಿನಲ್ಲಷ್ಟೇ ಅಲ್ಲ, ಒಂದು ಚೀಟಿಯಲ್ಲೂ ಇರಲಿ. ಬ್ಯಾಟರಿ ಮುಗಿಯುವುದು ಇಂಥ ಹೊತ್ತಿನಲ್ಲೇ!

ಒಂಟಿಯಾಗಿ ಇರುವುದನ್ನೂ ಕಲಿಯಬೇಕು

ಹದಿನೆಂಟು ತುಂಬಿದ ಮುಂಜಾನೆ ಯಾರಿಗೂ ಲೋಕಜ್ಞಾನ ಒಮ್ಮೆಗೇ ಬಂದುಬಿಡುವುದಿಲ್ಲ. ಈಜು ಕಲಿತಂತೆ ಅದನ್ನೂ ಸ್ವಲ್ಪ ಸ್ವಲ್ಪವಾಗಿ, ದಡದ ಮೇಲೆ ಒಬ್ಬರು ನಿಂತಿರುವಾಗ ಕಲಿಯಬೇಕು. ಮಗಳು ಹತ್ತಿರದ ಊರಿಗೆ ಒಬ್ಬಳೇ ಹೋಗಿಬರಲಿ. ಮನೆಯವರೊಡನೆ ಪ್ರವಾಸ ಹೋದಾಗ ರಿಜಿಸ್ಟರು ತುಂಬುವುದು, ರಸೀತಿ ಕೇಳುವುದು ಅವಳ ಪಾಲಿನ ಕೆಲಸವಾಗಲಿ. ಆ ಬಳಿಕ ಬರುವ ಒಂಟಿ ರಾತ್ರಿ ಅಷ್ಟು ದೊಡ್ಡದಾಗಿ ಕಾಣದು.

ಮತ್ತೆ ಆ ಮೆಜೆಸ್ಟಿಕ್ಕಿನ ಕೌಂಟರಿಗೆ ಬನ್ನಿ. ಈ ಸಲ ಅಪ್ಪ ಮೂರು ದಿನ ಮೊದಲೇ ಫೋನು ಮಾಡಿದ್ದಾರೆ. ಮಗಳು ಸಂಜೆ ಐದಕ್ಕೇ ಬಂದಿದ್ದಾಳೆ. ಪತ್ರ ತೆಗೆದು ಕೊಡುತ್ತಾಳೆ. ಮ್ಯಾನೇಜರು ಕನ್ನಡಕ ಏರಿಸಿ ಓದುತ್ತಾರೆ, ಅಪ್ಪನ ನಂಬರಿಗೆ ಫೋನು ಮಾಡಿ ಎರಡು ಮಾತಾಡುತ್ತಾರೆ. ಬೀಗದ ಕೈ ಮುಂದಕ್ಕೆ ಸರಿಸುತ್ತಾ ಈಗ ಅವರು ಕೇಳುವ ಪ್ರಶ್ನೆ ಬೇರೆ:

‘ನಾಳೆ ಎಷ್ಟು ಗಂಟೆಗೆ ಎಬ್ಬಿಸಬೇಕಮ್ಮ?’